ಮೊಬೈಲ್ ಬಂದರೂ ಟಪಾಲು ಯಾಕ ಬೇಕು?



ಸಮಾಜ ವಿಜ್ಞಾನದ ತಾಸಿನಲ್ಲಿ ಗುರುಗಳು ನಮಗೆ ಒಂದು ಪ್ರಶ್ನೆ ಕೇಳಿದರು. "ಎಲ್ಲರ ಮನ್ಯಾಗ ಮೊಬೈಲ್ ಅದ. ಇನ್ನ ಪೋಸ್ಟ್ ಆಫೀಸ್ ಯಾಕ ಬೇಕು?" ನಮ್ಮ ವರ್ಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ "ಬ್ಯಾಡ ಸರ್" ಎಂದು ಕೈ ಎತ್ತಿದರು. ನಾನೂ ಎತ್ತಿದೆ. ಗುರುಗಳು ಸಿಟ್ಟಾಗಲಿಲ್ಲ. "ತಿಳಕೊಂಡು ಬಂದು ಗೋಡೆ ಪತ್ರಿಕೆಗೆ ಬರೀರಿ" ಅಂದರು. ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಅಂಚೆ ಬೆಳೆದ ಕಥೆ

ನಮ್ಮ ದೇಶದ ಅಂಚೆ ಇಲಾಖೆ 1854ರ ಅಕ್ಟೋಬರ್ 1ರಂದು ಆರಂಭವಾಯಿತು. ಅದಕ್ಕಿಂತ ಮೊದಲು ಊರು ದೂರವಿದ್ದಷ್ಟೂ ಪತ್ರಕ್ಕೆ ಹೆಚ್ಚು ಹಣ ಕೊಡಬೇಕಾಗಿತ್ತು. 1854ರಿಂದ ದೂರ ನೋಡುವುದನ್ನು ಬಿಟ್ಟು ತೂಕ ನೋಡಿ ದರ ಹಾಕಿದರು. ಹಗುರಾದ ಪತ್ರಕ್ಕೆ ಅರ್ಧ ಆಣೆ. ನಂತರ 1879ರಲ್ಲಿ ಪೋಸ್ಟ್ ಕಾರ್ಡ್, 1880ರಲ್ಲಿ ಮನಿಯಾರ್ಡರ್, 1882ರಲ್ಲಿ ಉಳಿತಾಯ ಬ್ಯಾಂಕ್ ಬಂದವು.

ಆಗ ನಮ್ಮ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. 1869ರಿಂದ ತನ್ನದೇ ಸ್ಟಾಂಪುಗಳೂ ಇದ್ದವು. 1931ರಲ್ಲಿ ತೆಗೆದ 12 ಆಣೆ ಸ್ಟಾಂಪಿನ ಮೇಲೆ ನಮ್ಮ ಬೀದರಿನ ಮಹಮೂದ್ ಗಾವಾನರ ಮದರಸಾದ ಚಿತ್ರವಿದೆ. ನಾವು ಪ್ರವಾಸಕ್ಕೆ ಹೋದಾಗ ನೋಡಿದ ಅದೇ ಕಟ್ಟಡ! 1950ರಲ್ಲಿ ಸಂಸ್ಥಾನದ ಅಂಚೆ ಭಾರತದ ಅಂಚೆಯಲ್ಲಿ ಸೇರಿಹೋಯಿತು.

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ 23,344 ಅಂಚೆ ಕಚೇರಿಗಳಿದ್ದವು. ಈಗ ಸುಮಾರು 1 ಲಕ್ಷ 64 ಸಾವಿರ ಇವೆ. ಜಗತ್ತಿನಲ್ಲಿ ಇಷ್ಟು ಅಂಚೆ ಕಚೇರಿಗಳು ಬೇರೆ ಯಾವ ದೇಶದಲ್ಲೂ ಇಲ್ಲ. ಅವುಗಳಲ್ಲಿ 10ಕ್ಕೆ 9 ನಮ್ಮಂಥ ಹಳ್ಳಿಗಳಲ್ಲಿವೆ.

ಪಿನ್ ಕೋಡ್

1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಬೀದರ 585401, ಭಾಲ್ಕಿ 585328, ಔರಾದ್ 585326. ಮೊದಲಿನ 5 ಎಂಬ ಅಂಕೆ ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ ಸೇರಿದ್ದು. ಒಂದೇ ಹೆಸರಿನ ಊರು ಎಷ್ಟೋ ಇರ್ತಾವ. ನಮ್ಮ ಜಿಲ್ಲೆಯಲ್ಲೇ ಔರಾದ್ ಅಂದರೆ ತಾಲ್ಲೂಕು ಕೇಂದ್ರವೂ ಉಂಟು, ಬೀದರ ತಾಲ್ಲೂಕಿನ ಔರಾದ್ (ಎಸ್) ಎಂಬ ಹಳ್ಳಿಯೂ ಉಂಟು. ಬೆಂಗಳೂರಿನಲ್ಲಿ ಪತ್ರ ವಿಂಗಡಿಸುವವರಿಗೆ ಇದು ಹೇಗೆ ಗೊತ್ತಾಗಬೇಕು? ಅದಕ್ಕೇ ಪಿನ್ ಕೋಡ್ ಬರೆಯಬೇಕು.

ಏನೇನು ಹೋಯಿತು?

ಅಂಚೆಯ ಕೆಲಸಗಳು ಒಂದೊಂದಾಗಿ ಬದಲಾಗುತ್ತ ಬಂದಿವೆ. 2013ರ ಜುಲೈಯಲ್ಲಿ ತಂತಿ ಸಮಾಚಾರ ನಿಂತುಹೋಯಿತು. 2015ರಲ್ಲಿ ಹಳೆಯ ಕಾಗದದ ಮನಿಯಾರ್ಡರ್ ನಿಂತು, ಕಂಪ್ಯೂಟರ್ ಮೂಲಕ ಹೋಗುವ ಮನಿಯಾರ್ಡರ್ ಉಳಿಯಿತು. 2025ರಲ್ಲಿ ರಿಜಿಸ್ಟರ್ ಟಪಾಲನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದರು. ಯುರೋಪಿನ ಡೆನ್ಮಾರ್ಕ್ ದೇಶದಲ್ಲಿ ಸರಕಾರಿ ಅಂಚೆ ಕಂಪನಿ 2025ರ ಕೊನೆಗೆ ಪತ್ರ ಹಂಚುವುದನ್ನೇ ಬಿಟ್ಟಿತು. ರಸ್ತೆಯಲ್ಲಿದ್ದ ಕೆಂಪು ಡಬ್ಬಿಗಳನ್ನೂ ಕಿತ್ತರು. ಅಲ್ಲಿ ಈಗ ಪತ್ರವನ್ನು ಖಾಸಗಿಯವರು ಒಯ್ಯುತ್ತಾರೆ.

ನಮ್ಮೂರಿನ ಪೋಸ್ಟ್ ಮಾಸ್ತರರನ್ನು ಕೇಳಿದೆ. "ಮೊದಲ ದೀಪಾವಳಿ ಬಂದ್ರ ಚೀಲ ತುಂಬಾ ಕಾಗದ ಬರ್ತಿದ್ದವು. ಈಗ ಖುಷಿ ಖಬರಿನ ಕಾಗದ ಬರಾಂಗಿಲ್ಲ. ಆಧಾರ್ ಕಾರ್ಡ್, ಎಟಿಎಂ ಕಾರ್ಡ್, ಕೋರ್ಟಿನ ನೋಟಿಸ್, ನೌಕರಿ ಕಾಗದ ಬರ್ತಾವ" ಎಂದರು. ನಾನು ವಿಚಾರ ಮಾಡಿದೆ. ಇವುಗಳಲ್ಲಿ ಒಂದು ತಪ್ಪಿದರೂ ಮನೆಯವರಿಗೆ ದೊಡ್ಡ ನಷ್ಟವೇ.

ನಮ್ಮ ಆಯಿಯ ಪಗಾರ

ನಮ್ಮ ಆಯಿಗೆ ಮುದುಕರ ಪಗಾರ ಬರುತ್ತದೆ. ಮೊದಲು ಪೋಸ್ಟ್ ಮ್ಯಾನ್ ಮನಿಯಾರ್ಡರ್ ತಂದು ಕೈಯಲ್ಲಿ ರೊಕ್ಕ ಎಣಿಸಿ ಕೊಡುತ್ತಿದ್ದರು. ಆಮೇಲೆ ಖಾತೆಗೆ ಜಮಾ ಆಗತೊಡಗಿತು. ಆಯಿಗೆ ಓದಲು ಬರುವುದಿಲ್ಲ, ಮೊಬೈಲ್ ಒತ್ತಲು ಬರುವುದಿಲ್ಲ. ರೊಕ್ಕ ತೆಗೆಯಲು ಬಸ್ಸಿನಲ್ಲಿ ದೂರದ ಒಂದು ಬ್ಯಾಂಕಿಗೆ ಹೋದಳು. ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತಳು. ಹೆಬ್ಬೆಟ್ಟು ಮಷೀನಿಗೆ ಹತ್ತಲಿಲ್ಲ. ತೊಗರಿ, ಜೋಳ ಕೊಯ್ದು ಕೊಯ್ದು ಅವಳ ಬೆರಳಿನ ಗೆರೆಗಳೇ ಸವೆದಿವೆ. ಬರಿಗೈಲೆ ಮನೆಗೆ ಬಂದಳು. ಬಸ್ಸಿನಲ್ಲಿ ಹೋಗಿ ಬಂದು ದಿನದ ಕೂಲಿ ಹೋಯಿತು. ಅವತ್ತು ಗುಳಿಗೆಗೆ ರೊಕ್ಕ ಇರಲಿಲ್ಲ.

ಈಗ ನಮ್ಮೂರಿನ ಡಾಕ್ ಸೇವಕರೇ ಮನೆಗೆ ಬರುತ್ತಾರೆ. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಶುರುವಾಯಿತು. ಅದರ ಮೊಬೈಲ್ ಮತ್ತು ಬೆರಳಿನ ಮಷೀನ್ ಅವರ ಹತ್ತಿರ ಇರುತ್ತದೆ. ಖಾತೆ ಯಾವ ಬ್ಯಾಂಕಿನಲ್ಲಿದ್ದರೂ, ಆಧಾರ್ ಜೋಡಿಸಿದ್ದರೆ ರೊಕ್ಕ ಕೊಡಬಹುದು. ಅವರ ಮಷೀನಿಗೂ ಮೊದಲ ಸಲ ಹೆಬ್ಬೆಟ್ಟು ಹತ್ತಲಿಲ್ಲ. "ಆಯಿ, ಕೈ ತೊಳಕೊಂಡು ಬರ್ರಿ, ಇನ್ನೊಂದು ಬೆರಳ ಇಡ್ರಿ" ಎಂದರು. ರೇಂಜ್ ಬರದಿದ್ದಾಗ ಮಾಳಿಗೆ ಮೇಲೆ ಹೋಗಿ ನಿಂತರು. ಮೂರನೇ ಸಲಕ್ಕೆ ಹತ್ತಿತು. ಮಷೀನ್ ಎರಡೂ ಕಡೆ ಇತ್ತು. ಇಲ್ಲಿ ಆಯಿಯ ಹೆಸರು ಗೊತ್ತಿದ್ದವರು ತಾಳ್ಮೆಯಿಂದ ಕೂತರು. ಅವತ್ತೇ ನಾನು ಕೈ ಎತ್ತಿದ್ದು ತಪ್ಪು ಎಂದು ತಿಳಿಯಿತು.

ಹಾಗಾದರೆ ಅಂಚೆ ಉಳಿಯುವುದು ಹೇಗೆ?

ಅಂಚೆ ಇಲಾಖೆಗೆ ಆದಾಯಕ್ಕಿಂತ ಖರ್ಚು ಹೆಚ್ಚು. ಕೊರತೆಯನ್ನು ಕೇಂದ್ರ ಸರಕಾರ ತುಂಬುತ್ತದೆ. "ಲುಕ್ಸಾನ್ ಇದ್ರ ಮುಚ್ಚಬೇಕು" ಎಂದು ನನ್ನ ಗೆಳತಿ ವಾದ ಮಾಡಿದಳು. ನಾನು ಅವಳಿಗೆ, "ನಮ್ಮ ಸಾಲಿಯೂ ಲಾಭ ಗಳಿಸೋದಿಲ್ಲ, ಊರಿನ ರಸ್ತೆಯೂ ಗಳಿಸೋದಿಲ್ಲ. ಅವನ್ನೂ ಮುಚ್ಚಬೇಕೇನು?" ಎಂದು ಕೇಳಿದೆ. ಇವತ್ತಿಗೂ ಸಾದಾ ಪತ್ರಕ್ಕೆ ಪಕ್ಕದ ಓಣಿಗೂ ದೆಹಲಿಗೂ ಒಂದೇ ದರ. ಲಾಭ ಮಾತ್ರ ನೋಡುವವರು ನಾಲ್ಕು ಮನೆಯ ತಾಂಡಾಕ್ಕೆ ಒಂದು ಕಾಗದ ಹಿಡಿದು ಬರುವುದಿಲ್ಲ.

ಆದರೆ ಅಭಿಮಾನ ಒಂದರಿಂದಲೇ ಅಂಚೆ ಉಳಿಯೋದಿಲ್ಲ. ನಾವು ಅದನ್ನು ಉಪಯೋಗ ಮಾಡಬೇಕು. 10 ವರ್ಷ ತುಂಬಿದ ಮಕ್ಕಳು ಅಂಚೆಯಲ್ಲಿ ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆಯಬಹುದು. ಮೊದಲು 500 ರೂಪಾಯಿ ಕಟ್ಟಬೇಕು. 10 ವರ್ಷದೊಳಗಿನ ತಂಗಿ ಇದ್ದರೆ ಅವಳ ಹೆಸರಿನಲ್ಲಿ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆ ತೆರೆಸಬಹುದು. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ನಡೆಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸರಕಾರವೂ ಹಳ್ಳಿಯ ಅಂಚೆಗೆ ಒಳ್ಳೆಯ ರೇಂಜ್, ಒಳ್ಳೆಯ ಮಷೀನ್ ಕೊಡಬೇಕು. ಅದಿಲ್ಲದಿದ್ದರೆ ಡಾಕ್ ಸೇವಕರು ಎಷ್ಟು ಸಲ ಮಾಳಿಗೆ ಹತ್ತಬೇಕು?

ಗುರುಗಳು ಮತ್ತೆ ಅದೇ ಪ್ರಶ್ನೆ ಕೇಳಿದರೆ ನಾನು ಕೈ ಎತ್ತೋದಿಲ್ಲ. ನೀವೂ ವಿಚಾರ ಮಾಡಿರಿ.

ಓದಿ ಉತ್ತರಿಸಿರಿ

1. ಬೀದರಿನ ಯಾವ ಕಟ್ಟಡ ಸ್ಟಾಂಪಿನ ಮೇಲೆ ಬಂದಿದೆ? ಯಾವ ವರ್ಷ?
2. ಭಾಲ್ಕಿ ಮತ್ತು ಔರಾದ್ ಪಿನ್ ಕೋಡ್ ಬರೆಯಿರಿ.
3. 1854ರಲ್ಲಿ ಪತ್ರದ ದರದಲ್ಲಿ ಆದ ಬದಲಾವಣೆ ಏನು?
4. ನಿಮ್ಮ ಮನೆಗೆ ಕೊನೆಯ ಸಲ ಟಪಾಲಿನಲ್ಲಿ ಏನು ಬಂತು? ಮನೆಯಲ್ಲಿ ಕೇಳಿ ಬರೆಯಿರಿ.

— 7ನೇ ತರಗತಿ ವಿದ್ಯಾರ್ಥಿನಿ