ಕೈಪಿಡಿಯನ್ನು ಓದಿ ಕಲಿತದ್ದು

ಈ ಸುವರ್ಣ ಮಹೋತ್ಸವ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಶಾಲೆಯ ದಾಖಲಾತಿ ಪುಸ್ತಕವನ್ನು ಮುಂದಿಟ್ಟುಕೊಂಡು ಮೂರು ರಾತ್ರಿ ಕುಳಿತು ಹೆಸರುಗಳನ್ನು ಗಣಕಯಂತ್ರಕ್ಕೆ ಏರಿಸಿದೆ. ಅನಂತರ ಲಿನಕ್ಸ್‌ನ ಕಪ್ಪು ಪರದೆಯಲ್ಲಿ 'ಸಾರ್ಟ್' ಎಂಬ ಆದೇಶವನ್ನಿತ್ತು, ಫಲಿತಾಂಶವು ಅದೇ ಕಡತಕ್ಕೆ ಸೇರಲೆಂದು ಬಾಣದ ಗುರುತನ್ನು ಹಾಕಿದೆ. ಕ್ಷಣಾರ್ಧದಲ್ಲಿ ಪಟ್ಟಿ ಬರಿದಾಯಿತು. ಒಂದು ಹೆಸರೂ ಉಳಿಯಲಿಲ್ಲ. ಬೇರೆ ಪ್ರತಿಯನ್ನು ಇಟ್ಟುಕೊಂಡಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ.

ಬಾಣದ ಗುರುತನ್ನು ಓದುವುದು ಸಾರ್ಟ್ ಅಲ್ಲ. ನಮ್ಮ ಆದೇಶಗಳನ್ನು ಸ್ವೀಕರಿಸುವ 'ಶೆಲ್'. ಅದು ಸಾರ್ಟನ್ನು ಕರೆಯುವ ಮೊದಲೇ ಬಾಣದ ಮುಂದಿರುವ ಕಡತವನ್ನು ಬರಿದುಮಾಡಿ ಸಿದ್ಧವಾಗಿರಿಸುತ್ತದೆ. ಸಾರ್ಟ್ ಬಂದು ನೋಡುವಾಗ ಓದಲು ಏನೂ ಇರುವುದಿಲ್ಲ.

ಇದಕ್ಕೆ ಪರಿಹಾರ ಯಂತ್ರದೊಳಗೇ ಇತ್ತು. 'ಮ್ಯಾನ್ ಸಾರ್ಟ್' ಎಂದು ಬೆರಳಚ್ಚಿಸಿದರೆ ಆ ಆದೇಶದ ಕೈಪಿಡಿ ತೆರೆದುಕೊಳ್ಳುತ್ತದೆ. ಈ ಪದ್ಧತಿ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು 1971ರ ನವೆಂಬರಿನಲ್ಲಿ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯನ್ನು ಹೊರತಂದರು. ಅದರಲ್ಲಿಯೇ 'ದೋಷಗಳು' ಎಂಬ ಶೀರ್ಷಿಕೆಯಿತ್ತು. ತನ್ನ ಕೊರತೆಯನ್ನು ತಾನೇ ಹೇಳಿಕೊಳ್ಳುವ ಗ್ರಂಥಗಳು ಎಷ್ಟಿವೆ?

ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಆ ಇಂಗ್ಲಿಷನ್ನು ಕಂಡರೆ ಅಂಜಿಕೆ ಸಹಜ. ಆದರೆ ಶಬ್ದಮಣಿದರ್ಪಣವನ್ನು ಪಾಠ ಹೇಳಿಸಿಕೊಂಡವರಿಗೆ ಇದರ ಕ್ರಮ ಹೊಸತಲ್ಲ. ಮೊದಲು ಸೂತ್ರ, ಬಳಿಕ ವೃತ್ತಿ, ಆಮೇಲೆ ಪ್ರಯೋಗ. ಕೈಪಿಡಿಯ ಸೂತ್ರದಲ್ಲಿ ಚೌಕ ಕಂಸದೊಳಗೆ ಇರುವುದು ಬೇಕಾದರೆ ಬಳಸುವಂಥದು. ಮೂರು ಚುಕ್ಕೆಗಳಿದ್ದರೆ ಹಿಂದಿನದನ್ನು ಎಷ್ಟು ಸಲವಾದರೂ ಬರೆಯಬಹುದು. ಇಷ್ಟು ತಿಳಿದರೆ ಅರ್ಧ ಪುಟ ಅರ್ಥವಾದಂತೆ. ಬೇಕಾದ ಪದವನ್ನು ಹುಡುಕಲು ಓರೆಗೆರೆಯನ್ನು ಒತ್ತಿ ಆ ಪದವನ್ನು ಬರೆದರೆ ಸಾಕು. ಪ್ರಯೋಗಗಳು ಮಾತ್ರ ಬಹಳ ಪುಟಗಳಲ್ಲಿ ಇರುವುದಿಲ್ಲ. ಹತ್ತು ಸುಳ್ಳು ಹೆಸರುಗಳ ಪುಟ್ಟ ಕಡತವೊಂದನ್ನು ಮಾಡಿಕೊಂಡು ನಾವೇ ಪರೀಕ್ಷಿಸಬೇಕು.

ಸಾರ್ಟ್‌ನ ಪುಟದಲ್ಲಿ 'ಓ' ಎಂಬ ಆಯ್ಕೆಗೆ ಒಂದೇ ಸಾಲಿನ ವಿವರಣೆಯಿದೆ: ಫಲಿತಾಂಶವನ್ನು ಹೆಸರಿಸಿದ ಕಡತಕ್ಕೆ ಬರೆಯುವುದು. ಪುಟದ ತುದಿಯಲ್ಲಿ ಸೂಚಿಸಿರುವ 'ಇನ್ಫೋ' ಎಂಬ ದೊಡ್ಡ ಕೈಪಿಡಿಗೆ ಹೋದರೆ ಮಾತ್ರ ಪೂರ್ಣ ವಿಷಯ ತಿಳಿಯುತ್ತದೆ. ಈ ಆಯ್ಕೆಯಲ್ಲಿ ಎಲ್ಲವನ್ನೂ ಓದಿ ಮುಗಿಸಿದ ಮೇಲೆಯೇ ಬರೆಯುವ ಕಡತ ತೆರೆಯುವುದರಿಂದ, ಅದೇ ಕಡತದ ಹೆಸರನ್ನು ಕೊಟ್ಟರೂ ಬಾಧಕವಿಲ್ಲ. ನಾನು ಮತ್ತೆ ಮೂರು ರಾತ್ರಿ ಕುಳಿತು ಹೆಸರುಗಳನ್ನು ಏರಿಸಿ, ಈ ಬಾರಿ ಹಾಗೆಯೇ ಮಾಡಿದೆ.

ಅದೇ ಪುಟದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ: ಜೋಡಣೆಯ ಕ್ರಮ ಯಂತ್ರದಲ್ಲಿ ಆರಿಸಿರುವ ಭಾಷೆ-ಪ್ರದೇಶವನ್ನು ಅವಲಂಬಿಸುತ್ತದೆ. ನನ್ನ ಯಂತ್ರ ಅಕ್ಷರಗಳ ಸಂಕೇತಸಂಖ್ಯೆಯನ್ನೇ ಹಿಡಿದು ಜೋಡಿಸುತ್ತಿತ್ತು. ಯೂನಿಕೋಡ್‌ನಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೂ ಮೊದಲು ಇದೆ. ನಮ್ಮ ವರ್ಣಮಾಲೆಯಲ್ಲಾದರೋ ಅದು ಹಕಾರದ ಅನಂತರ ಬರುತ್ತದೆ. ಆದಕಾರಣ 'ತುಷಾರ'ಕ್ಕಿಂತ ಮೊದಲು 'ತುಳಸಿ' ಕುಳಿತಿತ್ತು. ಅಂಥ ಹೆಸರುಗಳನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸಿದ್ದೇನೆ. ಕಣ್ತಪ್ಪಿ ಉಳಿದವು ಇದ್ದರೆ ಓದುಗರು ದಯವಿಟ್ಟು ತಿಳಿಸಬೇಕು.