ಮಾರಿ ಒಂದ ಐತಿ, ಅಳಿಯಾ

ಮೊನ್ನೆ ಫೋನಿನಾಗ ನೀ ಅಂದಿದ್ದು ಇನ್ನೂ ಕಿವ್ಯಾಗ ಐತಿ: "ಮಾವಾ, ನಲವತ್ತರ ಹತ್ರ ಬಂದ ಮಂದಿ ರವಿವಾರ ಒಂದ ತಾಸು ಹಾಕಿ ಆಡ್ತೀವಿ. ಅದಕ್ಕೂ ಮಾರಿಗೆ ಮಾಸ್ಕ್ ಹಾಕ್ಕೊಂಡ್ರ ಮಂದಿ ನಗೂದಿಲ್ಲೇನು?" ನಗ್ತಾರ. ನಗವಲ್ರ್ಯಾಕ. ಗುಡಗೇರ್ಯಾಗ ಹಾಕಿ ಬಗ್ಗೆ ಮಾತಾಡಾಕ ನನಗ ಯಾರೂ ಸಿಗೂದಿಲ್ಲ. ಇಲ್ಲಿ ಹುಡುಗ್ರ ಕೈಯಾಗ ಬರೇ ಕ್ರಿಕೆಟ್ ಬ್ಯಾಟು. ರೈಲ್ವೆದಾಗ ಇದ್ದಾಗ ಹುಬ್ಬಳ್ಳಿ ಗ್ರೌಂಡಿನಾಗ ಕಲಿತಿದ್ದು, ಕಳಕೊಂಡಿದ್ದು ಎರಡೂ ಬರದ ಕಳಸೇನಿ. ಚಹಾ ಕುಡದು ಓದು.

• ಮೊದಲ ನನ್ನ ಹಲ್ಲಿನ ಕತಿ. ಮ್ಯಾಚ್ ಅಲ್ಲ, ಪ್ರ್ಯಾಕ್ಟೀಸ್. ಹೊಡದಾಂವನೂ ನಮ್ಮಾಂವನ. ಬಾಲ್ ಹೋತು, ಆದ್ರ ಅವನ ಸ್ಟಿಕ್ ನಿಲ್ಲಲಿಲ್ಲ. ಸುತ್ತಿ ಮ್ಯಾಲೆ ಬಂದು ನನ್ನ ಬಾಯಿಗೆ ಬಡೀತು. ನೋವು ಆಮ್ಯಾಲೆ ಬಂತು. ಮೊದಲ ತಿಳಿದಿದ್ದು, ನಾಲಿಗಿಗೆ ಹತ್ತಿದ ಖಾಲಿ ಜಾಗ. ಗರಸಿನ ನೆಲದಾಗ ಐದಾರು ಮಂದಿ ಬಗ್ಗಿ ಹುಡುಕಿದ್ರು; ಬಿಳಿ ಹರಳು ನಾಕು ಸಿಕ್ಕುವು, ಹಲ್ಲು ಎರಡು. ಎರಡನ್ನೂ ಅಂಗಿ ತುದೀಲೆ ತಿಕ್ಕಿ ತಿಕ್ಕಿ ಒರಸಿ, ಕರವಸ್ತ್ರದಾಗ ಕಟ್ಟಿ, ಮರುದಿನ ದವಾಖಾನಿಗೆ ಒಯ್ದೆ. ಡಾಕ್ಟರು ನೋಡಿ, "ಇನ್ನ ಇವನ್ನ ತಾಯತದಾಗ ಹಾಕ್ಕೋ" ಅಂದ್ರು. ಲಗ್ನ ಆಗಿ ಆಗ ಆರ ತಿಂಗಳು. ಅವತ್ತಿನಿಂದ ಕಡಕ್ ರೊಟ್ಟಿ ನಾ ಮುಂದಿನ ಹಲ್ಲಿಲೆ ಕಡದಿಲ್ಲ. ನಿಮ್ಮತ್ತಿ ಮುರದು ಸಾರಿನಾಗ ನೆನಸಿ ಕೊಡ್ತಾಳ.

• ಆವಾಗ ನನಗ ಗೊತ್ತಿರಲಿಲ್ಲ, ಈಗ ನಿನಗ ಗೊತ್ತಿರಲಿ. ಹಲ್ಲು ಬುಡಸಮೇತ ಬಿತ್ತಂದ್ರ ಮ್ಯಾಲಿನ ಬಿಳಿ ಭಾಗ ಹಿಡದು ಎತ್ತು, ಬೇರು ಮುಟ್ಟಬ್ಯಾಡ. ತಿಕ್ಕಬ್ಯಾಡ. ಮಣ್ಣಾಗಿದ್ರ ಒಂದೀಟು ತೊಳದು, ಬಿದ್ದ ಸಂದಿನಾಗನ ಕುಂದರಿಸಿ ಕರವಸ್ತ್ರ ಕಚ್ಚಿ ಹಿಡಿ. ಅದು ಆಗಲಿಲ್ಲಂದ್ರ ತಣ್ಣನ ಹಾಲಿನಾಗ ಹಾಕು. ಹಲ್ಲು ಒಣಗಬಾರದು. ಅರ್ಧಾ ತಾಸಿನಾಗ, ಬಾಳ ಅಂದ್ರ ತಾಸಿನಾಗ ಹಲ್ಲಿನ ಡಾಕ್ಟರ ಹತ್ರ ಇರಬೇಕು. ಹುಬ್ಬಳ್ಯಾಗ ಇದ್ದಾಂವಗ ಇದು ಆಗೂ ಮಾತು. ಇಲ್ಲಿ ಗುಡಗೇರ್ಯಾಗ ಬಿದ್ದಿದ್ರ ತಾಸು ದಾರ್ಯಾಗ ಹೋಗ್ತದ. ಮಕ್ಕಳ ಹಾಲಹಲ್ಲು ಮಾತ್ರ ತಿರಗಿ ಕುಂದರಿಸಬಾರದು.

• ಗಮ್ ಶೀಲ್ಡ್ ಇಲ್ಲದ ಗ್ರೌಂಡಿಗೆ ಇಳೀಬ್ಯಾಡ. ವಾರ್ಮಪ್ಪಿಗೂ ಇಲ್ಲ. ಇದರಾಗ ನನ್ನ ಜೋಡಿ ವಾದಾ ಹಾಕಬ್ಯಾಡ. ಬಿಸಿನೀರಾಗ ಮೆತ್ತಗ ಮಾಡಿ ಕಚ್ಚಿ ಅಳತಿ ಮಾಡ್ಕೊಳ್ಳೂದು ಸ್ಪೋರ್ಟ್ಸ್ ಅಂಗಡ್ಯಾಗ ಸಿಗ್ತದ. ಹಲ್ಲಿನ ಡಾಕ್ಟರ ಕಡೆ ಅಚ್ಚು ತಗಸಿ ಮಾಡಿಸಿದ್ದು ಇನ್ನೂ ಛಲೋ ಕುಂದರ್ತದ. ಏಪ್ರಿಲ್ ಬಿಸಲಾಗ ಗಾಡಿ ಡಿಕ್ಕ್ಯಾಗ ಇಟ್ರ ಸೊಟ್ಟ ಆಗ್ತದ.

• ಮೆಣಸಿನಕಾಯಿ ಸುಗ್ಗ್ಯಾಗ ಊರಿಗೆ ಬಂದು, ಚೀಲಾ ತುಂಬಿದ ಕೈಲೆ ಗಮ್ ಶೀಲ್ಡ್ ಬಾಯಾಗ ಇಟ್ಕೊಂಡೀ ಮತ್ತ. ಕೈ ಎರಡ ಸಲ ತೊಳದ್ರೂ ಬ್ಯಾಡಗಿ ಬಿಡೂದಿಲ್ಲ.

• ಈಗ ಮಾಸ್ಕಿನ ಮಾತಿಗೆ ಬರ್ತೀನಿ. ಹಾಕಿ ಬಾಲ್ ತೂಕ 156ರಿಂದ 163 ಗ್ರಾಂ. ನಮ್ಮೂರ ಹುಡುಗ್ರ ಕೈಯಾಗಿನ ಲೆದರ್ ಬಾಲೂ ಅಷ್ಟ ತೂಕ. ಆ ಬಾಲಿಗೆ ಹೆಲ್ಮೆಟ್ ಬೇಕು ಅಂತ ಇಲ್ಲಿ ಹತ್ತು ವರ್ಷದ ಕೂಸಿಗೂ ಗೊತ್ತು. ನಿಮ್ಮ ಬಾಲ್ ಪ್ಲಾಸ್ಟಿಕ್ ಅಂತ ಮೆತ್ತಗ ತಿಳೀತಿ ಏನು?

• ಪೆನಾಲ್ಟಿ ಕಾರ್ನರಿಗೆ ಓಡಿ ಹೋಗಾಂವ ನೀನ ಅಂತಲ್ಲ. ಹಂಗಿದ್ರ ಲೆಕ್ಕಾ ಕೇಳು. ಗೋಲಿನ ಮುಂದಿನ ಡಿ ತುದಿಯಿಂದ ಗೋಲಿನ ಗೆರಿ ತನಕ 14.63 ಮೀಟರ್. ಫ್ಲಿಕ್ ಗಂಟೆಗೆ 100 ಕಿಲೋಮೀಟರ್ ವೇಗದ್ದಾದ್ರ ಅಷ್ಟು ದಾರಿಗೆ ಅರ್ಧ ಸೆಕೆಂಡ್. ಆದ್ರ ನೀ ಗೆರಿ ಮ್ಯಾಲೆ ನಿಂತಿರೂದಿಲ್ಲ, ಎದುರಿಗೆ ಓಡಿ ಹೋಗಿರ್ತಿ. ಐದ ಮೀಟರಿನಾಗ ಇದ್ರ ನಿನಗ ಸಿಗೂದು ಸೆಕೆಂಡಿನ ಐದರಾಗ ಒಂದ ಪಾಲೂ ಅಲ್ಲ. ಅಷ್ಟರಾಗ ಮಾರಿ ತಿರಗಿಸ್ತೀನಿ ಅನ್ನೂದು ಸುಳ್ಳು. ಮತ್ತ, ಹೊಡದ ಮೊದಲನೇ ಹಿಟ್ಟಿಗೆ ಗೋಲಿನ ಹಲಗಿಯಷ್ಟ, ಅಂದ್ರ 460 ಮಿಲಿಮೀಟರ್ ಎತ್ತರದ ಮಿತಿ ಐತಿ. ಫ್ಲಿಕ್ಕಿಗೆ ಆ ಮಿತಿ ಇಲ್ಲ. ನಮ್ಮ ಕೊಡಗಿನ ವಿ.ಆರ್. ರಘುನಾಥನ ಡ್ರ್ಯಾಗ್ ಫ್ಲಿಕ್ ನೀ ಟಿವ್ಯಾಗ ನೋಡೀ. ನಿಮ್ಮ ರವಿವಾರದ ಟೀಮಿನಾಗ ಅದನ್ನ ಮೊಬೈಲಿನಾಗ ನೋಡಿ ಕಲಿಯಾಕ ಹತ್ತಿದಾಂವ ಒಬ್ಬನರ ಇರ್ತಾನ. ನನಗ ರಘುನಾಥಗಿಂತ ಅವನ ಹೆದರಿಕಿ ಹೆಚ್ಚು. ರಘುನಾಥನ ಬಾಲ್ ಎಲ್ಲಿ ಹೋಗ್ತದ ಅಂತ ರಘುನಾಥಗ ಗೊತ್ತಿತ್ತು.

• ಐದ ಮೀಟರ್ ಒಳಗ ಇದ್ದಾಂವಗ ಮೊದಲನೇ ಶಾಟ್ ಮೊಣಕಾಲು ಇಲ್ಲಾ ಅದರ ಮ್ಯಾಲೆ ಬಡಿದ್ರ ಅದು ಅಪಾಯದ ಹೊಡತ, ಫ್ರೀ ಹಿಟ್ ನಿಮಗ ಅಂತ ನಿಯಮ ಐತಿ. ಫ್ರೀ ಹಿಟ್ ತಗೊಂಡು ದವಡಿ ಕೂಡಸಾಕ ಬರೂದಿಲ್ಲ.

• ಆದ್ರ ಪೂರಾ ಆಟ ಮಾಸ್ಕ್ ಹಾಕ್ಕೊಂಡು ಆಡು ಅಂತ ನಾ ಹೇಳೂದಿಲ್ಲ. ಅದರಾಗ ಕಾಲ ಹತ್ರ ಬಂದ ಬಾಲ್ ಸರಿ ಕಾಣೂದಿಲ್ಲ, ಬೆವರಿಗೆ ಮಬ್ಬು ಹಿಡೀತದ. ಕಾಣದ ಸ್ಟಿಕ್ ಬೀಸಿದ್ರ ಮತ್ತೊಬ್ಬರ ಮನಿ ರೊಟ್ಟಿ ನೆನಸೂ ಪಾಳಿ ಬರ್ತದ. ಕಾರ್ನರ್ ಬಂತು, ಹಾಕ್ಕೋ. ಬಾಲ್ ದೂರ ಹೋತು, ತಗದು ಗೋಲಿನ ಬಾಜೂಕ ಒಗಿ. ದೊಡ್ಡ ಆಟಗಾರರೂ ಹಿಂಗ ಮಾಡೂದು.

• ಕ್ರಿಕೆಟ್ ಹೆಲ್ಮೆಟ್ ಹಾಕ್ಕೊಂಡು ಓಡಬ್ಯಾಡ. ಮನ್ಯಾಗ ಬಿದ್ದೈತಿ ಅಂತ ತಂದಿರ್ತಿ, ಗೊತ್ತು ನಿನ್ನ ಬುದ್ಧಿ. ಅದರ ಮುಂದಿನ ಚಾಚಿದ ತುದಿ ಎದುರಿನಾಂವನ ಹಣಿ ಒಡೀತದ.

• ಚಾಳೀಸ ಹಾಕ್ಕೊಳ್ಳಾಂವ ನೀ. ಆಫೀಸಿನ ಚಾಳೀಸದ ಮ್ಯಾಲೆ ಆಡಬ್ಯಾಡ. ಅದರ ಗಾಜು ಒಡದ್ರ ಚೂರು ಎಲ್ಲಿ ಹೋಗ್ತದ ಹೇಳು. ಪಾಲಿಕಾರ್ಬೊನೇಟ್ ಲೆನ್ಸಿನ ಆಟದ ಚಾಳೀಸ ನಿನ್ನ ನಂಬರಿಗೆ ಮಾಡಿಸು. ಇದನ್ನ ಪೂರಾ ಆಟ ಹಾಕ್ಕೋ. 2000ದ ಕ್ರಿಕೆಟ್ ಏಷ್ಯಾ ಕಪ್ಪಿನಾಗ, ಢಾಕಾದಾಗ, ನಮ್ಮ ಕುಂಬ್ಳೆ ಹಾಕಿದ ಬಾಲ್ ಕೀಪರ್ ಸಬಾ ಕರೀಮನ ಬಲಗಣ್ಣಿಗೆ ಬಡೀತು. ಆ ಪೆಟ್ಟಿನಿಂದ ಅವನ ಆಟ ಲಗೂನ ಮುಗೀತು. ಕುಂಬ್ಳೆ ಸ್ಪಿನ್ ಹಾಕಾಂವ, ಅದೂ ತನ್ನ ಟೀಮಿನಾಂವ. ಕಣ್ಣಿಗೆ ಪೆಟ್ಟ ಬಿತ್ತಂದ್ರ ತಿಕ್ಕಬ್ಯಾಡ, ಬರಫ್ ಒತ್ತಬ್ಯಾಡ, ನಾಳೆ ನೋಡೋಣು ಅನಬ್ಯಾಡ. ಹುಬ್ಬಳ್ಯಾಗ ಕಣ್ಣಿನ ದವಾಖಾನಿಗೇನು ಕಡಿಮಿ ಇಲ್ಲ, ಶೂ ಸುದ್ದಾ ಬಿಚ್ಚದ ಹೋಗು.

ಅಮೆರಿಕಾದಾಗ ಹೈಸ್ಕೂಲ್ ಹುಡುಗ್ಯಾರ ಹಾಕಿಗೆ 2011ರಾಗ ಇಂಥಾ ಕಣ್ಣಿನ ರಕ್ಷಣೆ ಕಡ್ಡಾಯ ಮಾಡಿದ್ರು. ಧೈರ್ಯ ಹೆಚ್ಚಾಗಿ ತಲಿಗೆ ತಲಿ ಹೊಡ್ಕೋತಾರ ಅಂತ ಬಾಳ ಮಂದಿ ಕೂಗ್ಯಾಡಿದ್ರು. ಲೆಕ್ಕಾ ತಗದು ನೋಡಿದಾಗ ಕಣ್ಣಿನ ಪೆಟ್ಟು ಕಡಿಮಿ ಆಗಿದ್ವು, ತಲೀ ಪೆಟ್ಟು ಹೆಚ್ಚಾಗಿರಲಿಲ್ಲ.

• "ಕುಂಬ್ಳೆ ದವಡಿ ಮುರದ್ರೂ ಆಡಲಿಲ್ಲೇನು" ಅಂತ ನೀ ಅನ್ನೂದು ಖರೇನ. 2002, ಆಂಟಿಗಾ, ಮಾರಿಗೆ ಪಟ್ಟಿ ಕಟ್ಕೊಂಡು ಬಂದು ಲಾರಾನ್ನ ಔಟ್ ಮಾಡಿದ. ನಾನೂ ನೋಡಿ ಕಣ್ಣೀರು ಹಾಕೀನಿ. ಆಮ್ಯಾಲೆ ಅವ ಆಪರೇಷನ್ನಿಗೆ ಬೆಂಗಳೂರಿಗೆ ವಿಮಾನ ಹತ್ತಿದ್ದು ನೀ ಹೇಳೂದಿಲ್ಲ. ಅದು ದೇಶದ ಟೆಸ್ಟು. ನಿಮ್ಮದು, ಸೋತವರು ಗಿರ್ಮಿಟ್ ಕೊಡಿಸೂ ಮ್ಯಾಚ್.

• ಹೌಸಿ ಆಟದಾಗ ಅಪಾಯ ಕಡಿಮಿ ಅಂತ ತಿಳದೀ. ನಾ ಉಲ್ಟಾ ಹೇಳ್ತೀನಿ. 1997ರಾಗ ಕೊಡಗಿನ ಕರಡದಾಗ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ಹಾಕಿ ಹಬ್ಬ ಶುರು ಮಾಡಿದಾಗ 60 ಮನೆತನ ಬಂದಿದ್ವು. 2024ರಾಗ ನಾಪೋಕ್ಲಿನಾಗ 360. ಒಂದ ಟೀಮಿನಾಗ ಅಪ್ಪ, ಮಗ, ಮಗಳು. ಅದರ ಚಂದ ಅದ. ಆದ್ರ ಕಲತಾಂವ, ಕಲೀದಾಂವ, ಇಪ್ಪತ್ತು ವರ್ಷದ ಹಿಂದ ಕಲತು ಮರತಾಂವ ಕೂಡಿ ಆಡಿದಲ್ಲೆ ಸ್ಟಿಕ್ ಎಲ್ಲಿಂದ ಬರ್ತದ ಅಂತ ಹೇಳಾಕ ಆಗೂದಿಲ್ಲ. ನಿಮ್ಮದೂ ಅಂಥಾದ್ದ ಗುಂಪು. ಆಟಕ್ಕ ಮೊದಲ ಎಲ್ಲಾರೂ ಕೂಡಿ ಮಾತು ಮಾಡ್ಕೊಳ್ರಿ: ಮಂದಿ ನಡುವ ಬಾಲ್ ಎತ್ತೂದಿಲ್ಲ, ಸ್ಟಿಕ್ ಹೆಗಲ ಮ್ಯಾಲೆ ಬೀಸೂದಿಲ್ಲ, ಕಾರ್ನರಿನಾಗ ಫ್ಲಿಕ್ ಇಲ್ಲ, ನೆಲಾ ಹಿಡದ ಹೊಡತ ಅಷ್ಟ. ಒಪ್ಪದಾಂವಗ ಗೋಲಿ ಪ್ಯಾಡ್ ಕಟ್ಟಿ ನಿಂದರಿಸ್ರಿ, ಒಂದ ವಾರದಾಗ ಒಪ್ತಾನ.

• ನಗೂ ಮಂದಿ ಬಗ್ಗೆ. ಕೆನಡಾದ ಐಸ್ ಹಾಕಿ ಗೋಲಿ ಜಾಕ್ ಪ್ಲಾಂಟ್‌ಗ 1959ರ ನವೆಂಬರ್ 1ಕ್ಕ ನ್ಯೂಯಾರ್ಕಿನಾಗ ಮಾರಿ ಹರೀತು. ಹೊಲಿಗಿ ಹಾಕಿಸ್ಕೊಂಡು, ಮಾಸ್ಕ್ ಇಲ್ಲದ ತಿರಗಿ ಇಳಿಯೂದಿಲ್ಲ ಅಂದ. ಕೋಚಿಗೆ ಮಾಸ್ಕ್ ಅಂದ್ರ ಆಗ್ತಿರಲಿಲ್ಲ, ಆದ್ರ ಬ್ಯಾರೆ ಗೋಲಿ ಇರಲಿಲ್ಲ. ಅವತ್ತ ಗೆದ್ದ. ಈಗ ಮಾಸ್ಕ್ ಇಲ್ಲದ ಗೋಲಿ ನಿಂತ್ರ ಮಂದಿ ನಗ್ತಾರ.

• ನಿನಗಂತ ಒಂದ ಮಾಸ್ಕ್ ತರಿಸಿ ಇಟ್ಟೀನಿ. ಶನಿವಾರ ಪ್ಯಾಸೆಂಜರಿಗೆ ಬಂದು ಒಯ್ಯಿ. ಹಿಂದಿನ ಎಲಾಸ್ಟಿಕ್ ಪಟ್ಟಿ ಸಡಿಲ ಐತಿ; ನಿಮ್ಮತ್ತಿ ಸೂಜಿ-ದಾರಾ ತಗದು ಇಟ್ಟಾಳ, ನಿನ್ನ ತಲೀ ಅಳತಿ ಬೇಕಂತ.