ವೈಶಾಖದ ಸಸಿಮಡಿ: ಶಾಲಾ ಕೈತೋಟದಲ್ಲಿ ಟೊಮ್ಯಾಟೊ ಬೆಳೆ

ಒಕ್ಕಲುತನದಲ್ಲಿ ಬೀಜದಷ್ಟೇ ಮುಖ್ಯವಾದುದು ಕಾಲ. ಹದವರಿತು ಬಿತ್ತಿದವನಿಗೆ ಭೂಮಿತಾಯಿ ಒಲಿಯುವಳೆಂಬುದು ನಮ್ಮ ರೈತರು ಅನುಭವದಿಂದ ಕಂಡುಕೊಂಡ ಸತ್ಯ. ಈ ಮಾತು ಹೊಲಕ್ಕೆ ಹೇಗೋ ಮನೆಯ ಹಿತ್ತಲಿಗೂ ಶಾಲೆಯ ಕೈತೋಟಕ್ಕೂ ಹಾಗೆಯೇ ಅನ್ವಯಿಸುತ್ತದೆ. ಕಾಯಕವನ್ನು ಪೂಜೆಯೆಂದೇ ಬಗೆದ ಶರಣರ ನಾಡಿನಲ್ಲಿ ಮಕ್ಕಳ ಕೈಗೆ ಮಣ್ಣಿನ ಪರಿಚಯ ಮಾಡಿಕೊಡುವುದು ಶಿಕ್ಷಣದ ಒಂದು ಅಂಗವೇ ಸರಿ. ಅದಕ್ಕೆ ಟೊಮ್ಯಾಟೊ ತಕ್ಕ ಬೆಳೆ.

ಚಪ್ಪರಬದನೆಯೆಂದೂ ಕರೆಯಲ್ಪಡುವ ಈ ಗಿಡ ನಮ್ಮ ನೆಲದ್ದಲ್ಲ. ಇದರ ಮೂಲ ದಕ್ಷಿಣ ಅಮೆರಿಕದ ಪಶ್ಚಿಮ ಭಾಗ. 16ನೆಯ ಶತಮಾನದಲ್ಲಿ ಯುರೋಪನ್ನು ಸೇರಿ, ಅನಂತರ ಯುರೋಪಿಯನ್ನರ ಮೂಲಕ ಭಾರತಕ್ಕೆ ಬಂದಿತು. 12ನೆಯ ಶತಮಾನದ ಶರಣರ ದಾಸೋಹದ ಅಡುಗೆಯಲ್ಲಿ ಇದು ಇದ್ದಿರಲು ಸಾಧ್ಯವಿಲ್ಲ. ಇಂದಾದರೋ ಇದಿಲ್ಲದ ಸಾರನ್ನು ನೆನೆಯುವುದೇ ಕಷ್ಟ.

ಚೈತ್ರ ವೈಶಾಖಗಳಲ್ಲಿ ಉತ್ಸಾಹದಿಂದ ಸಸಿ ನೆಟ್ಟು ನಿರಾಶರಾಗುವವರು ಅನೇಕರು. ಗಿಡವೇನೋ ಬೆಳೆಯುತ್ತದೆ, ಹೂವೂ ಬಿಡುತ್ತದೆ. ಕಾಯಿ ಮಾತ್ರ ಕಚ್ಚುವುದಿಲ್ಲ. ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗವು ಶಕ್ತಿಗುಂದಿ ಹೂವು ಉದುರುತ್ತದೆ. ಇದೇ ಒಣ ಬಿಸಿಲಿನಲ್ಲಿ ಬಿಳಿನೊಣಗಳು ಹೆಚ್ಚಿ, ಎಲೆಮುಟುರು ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಈ ರೋಗ ತಗುಲಿದ ಗಿಡಕ್ಕೆ ಮದ್ದಿಲ್ಲ, ಕಿತ್ತುಹಾಕುವುದೊಂದೇ ದಾರಿ. ಜೊತೆಗೆ ಅದು ರಜೆಯ ಕಾಲ. ಇಡೀ ತೋಟಕ್ಕೆ ನೀರೆರೆಯುವ ಕೈಗಳು ಶಾಲೆಯಲ್ಲಿರುವುದಿಲ್ಲ.

ಆದುದರಿಂದ ವೈಶಾಖವು ನಾಟಿಯ ಕಾಲವಲ್ಲ, ಸಸಿಮಡಿಯ ಕಾಲ. ಮೇ ತಿಂಗಳ ನಡುವಿನಲ್ಲಿ, ಕೃತ್ತಿಕಾ ಮಳೆಯ ದಿನಗಳಲ್ಲಿ, ನೆಲದಿಂದ ಗೇಣುದ್ದ ಎತ್ತರಿಸಿದ ಒಂದು ಸಣ್ಣ ಮಡಿಯನ್ನು ಸಿದ್ಧಪಡಿಸಬೇಕು. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ತುಸು ಬೇವಿನ ಹಿಂಡಿಯನ್ನೂ ಬೆರೆಸಿ, ಸಾಲುಗಳಲ್ಲಿ ಬೀಜವನ್ನು ವಿರಳವಾಗಿ, ಅರ್ಧದಿಂದ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಬೇಕು. ಬೀಜ ಒತ್ತಾದರೆ, ನೀರು ಹೆಚ್ಚಾದರೆ, ಎಳೆಯ ಸಸಿ ಬುಡ ಕೊಳೆತು ಮಲಗುತ್ತದೆ. ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೆರಳನ್ನೂ, ಬಿಳಿನೊಣ ನುಸುಳದಷ್ಟು ಸಣ್ಣ ಕಣ್ಣಿನ ನೈಲಾನ್ ಪರದೆಯನ್ನೂ ಒದಗಿಸಬೇಕು. ಇಷ್ಟು ಪುಟ್ಟ ಮಡಿಯನ್ನು ಒಬ್ಬರೇ ಒಂದು ಕೊಡ ನೀರಿನಲ್ಲಿ ಕಾಪಾಡಬಲ್ಲರು. ಕೊನೆಯ ವಾರ ನೀರನ್ನು ಸ್ವಲ್ಪ ಕಡಿಮೆ ಮಾಡಿ, ನೆರಳನ್ನು ಸರಿಸಿದರೆ ಸಸಿ ಗಟ್ಟಿಯಾಗುತ್ತದೆ.

ಇಪ್ಪತ್ತೈದರಿಂದ ಮೂವತ್ತು ದಿನಗಳಲ್ಲಿ ಸಸಿ ನಾಟಿಗೆ ಸಿದ್ಧ. ಅಷ್ಟರಲ್ಲಿ ಶಾಲೆ ತೆರೆದಿರುತ್ತದೆ, ಮೃಗಶಿರಾ ಮಳೆಯೂ ಕೂಡಿಬಂದಿರುತ್ತದೆ. ಮಳೆ, ಮಕ್ಕಳು, ಸಸಿ ಈ ಮೂರೂ ಒಂದೇ ವೇಳೆಗೆ ಒದಗುವುದು ಈ ಕ್ರಮದ ಹಿರಿಯ ಲಾಭ. ಹಿಂದಿನ ವರ್ಷ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಜಾಗ ಬೇಡ. ಇವೆಲ್ಲ ಒಂದೇ ಕುಲದ ಗಿಡಗಳಾದುದರಿಂದ ಒಂದರ ರೋಗ ಇನ್ನೊಂದಕ್ಕೆ ತಗುಲುತ್ತದೆ. ಸಂಜೆಯ ತಂಪಿನಲ್ಲಿ, ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರ ಬಿಟ್ಟು ನೆಡಬೇಕು. ಹರಡಿ ಬೆಳೆಯುವ ತಳಿಗಳಿಗೆ ಅಂತರ ಇನ್ನೂ ಹೆಚ್ಚಿರಲಿ. ಕಾಂಡವನ್ನು ತುಸು ಆಳಕ್ಕೆ ಹೂಳಿದರೆ, ಹೂತ ಭಾಗದಿಂದಲೂ ಬೇರೊಡೆದು ಗಿಡ ಬಲಗೊಳ್ಳುತ್ತದೆ. ಅಂಚಿನಲ್ಲಿ ಕೆಲವು ಚೆಂಡುಹೂವಿನ ಗಿಡಗಳಿದ್ದರೆ ಕಾಯಿಕೊರಕದ ಪತಂಗ ಅವುಗಳತ್ತ ಸೆಳೆಯಲ್ಪಡುತ್ತದೆ. ಅತಿವೃಷ್ಟಿಯ ಮಲೆನಾಡಿಗೂ ಕರಾವಳಿಗೂ ಮಾತ್ರ ಈ ಕಾಲಕ್ರಮ ಒಗ್ಗದು. ಅಲ್ಲಿ ಮಳೆಗಾಲ ಮುಗಿದ ಮೇಲೆ ನೆಡುವುದು ಲೇಸು.

ಗಿಡಕ್ಕೆ ಕೋಲಿನ ಆಸರೆ ಕೊಟ್ಟು, ಬುಡಕ್ಕೆ ಒಣ ಎಲೆ ಹೊದಿಸಬೇಕು. ಒಮ್ಮೆ ಬರ, ಒಮ್ಮೆ ನೆರೆ ಎಂಬಂತೆ ನೀರುಣಿಸಿದರೆ ಹಣ್ಣು ಬಿರಿಯುತ್ತದೆ, ತುದಿ ಕೊಳೆಯುತ್ತದೆ. ತಳಿಯ ಆಯ್ಕೆಯೂ ಒಂದು ಪಾಠವೇ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಲೆಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳುವ ಸಂಕರಣ ತಳಿ. ಅದರ ಬೀಜವನ್ನು ಮುಂದಿನ ವರ್ಷಕ್ಕೆ ಉಳಿಸಿದರೆ ಗುಣ ಉಳಿಯದು. ಅದೇ ಸಂಸ್ಥೆಯ ‘ಅರ್ಕಾ ವಿಕಾಸ್’ ಸಂಕರಣವಲ್ಲದ ತಳಿಯಾದುದರಿಂದ ಅದರ ಬೀಜವನ್ನು ಮಕ್ಕಳೇ ತೆಗೆದಿರಿಸಬಹುದು.

ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಗಿಡವನ್ನು ಒಪ್ಪಿಸಿ, ನೆಟ್ಟ ದಿನ, ಮೊದಲ ಹೂವು, ಮೊದಲ ಹಣ್ಣು ಇವುಗಳನ್ನು ಬರೆದಿಡಿಸುವ ಶಿಕ್ಷಕರು ವಿಜ್ಞಾನವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ತಾನು ನೆಟ್ಟ ಗಿಡ ಬಿಸಿಲಿಗೆ ಸತ್ತುದನ್ನು ಕಂಡ ಬಾಲಕ, ಮಣ್ಣು ತನ್ನನ್ನು ವಂಚಿಸಿತೆಂದು ಭಾವಿಸುತ್ತಾನೆ. ಆ ನಂಬಿಕೆ ಒಮ್ಮೆ ಕಳೆದರೆ ಮರಳಿ ಬೆಳೆಸುವುದು ಕಷ್ಟ. ಕಾಲವರಿತು ನೆಟ್ಟ ಗಿಡವಾದರೋ ಆಗಸ್ಟ್ ತಿಂಗಳ ನಡುವಿನಿಂದ ಫಲ ಕೊಡತೊಡಗುತ್ತದೆ. ಮೊದಲ ಕೊಯ್ಲು ಪ್ರಸಾದ ನಿಲಯದ ದಾಸೋಹಕ್ಕೆ ಸಲ್ಲಲಿ. ದುಡಿದುದನ್ನು ಹಂಚಿ ಉಣ್ಣುವ ಪಾಠವೂ ಅಲ್ಲಿಗೆ ಪೂರ್ಣವಾಗುತ್ತದೆ. ಇದಕ್ಕೆ ಬೇಕಾದುದು ಒಂದು ಪರದೆ, ಒಂದು ನೀರಿನ ತೊಟ್ಟಿ, ದನ ನುಗ್ಗದಂತೆ ಒಂದು ಬೇಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಿದರೆ ಇದು ಹಿರಿದಾದ ಭಾರವೇನಲ್ಲ.